ದೊಡ್ಡತ್ತಿಯ ಗಾಡಿ ಸೋರಿದ ಬೇಸಿಗೆ

ಮಲಗುವ ಮುಂಚೆ ಗ್ಯಾಸು ಬಂದ್ ಆಗಿದೆಯಾ, ಬಾಗಿಲಿಗೆ ಚಿಲಕ ಬಿದ್ದಿದೆಯಾ ಎಂದು ನೋಡುವಂತೆ, ಕಾರಿನ ಕೆಳಗೆ ರಟ್ಟು ಹಾಸಿದೆಯಾ ಎಂದೂ ನೋಡುತ್ತಿದ್ದ ದಿನಗಳವು. ಹಳೆಯ ಕಾರು ಸಾಕಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಾದರೆ ಆ ರಟ್ಟಿನ ಮೇಲೆ ಆಯಿಲಿನ ಕರಿ ಕಲೆ ಬಿದ್ದಿರುತ್ತಿತ್ತು. ನಾವು ಓಣಿಯ ಹುಡುಗಿಯರು ಅದರ ಸುತ್ತ ಕುಕ್ಕರಗಾಲಲ್ಲಿ ಕೂತು, ಇದು ಆಮೆ, ಅಲ್ಲ ಇದು ಆನೆ ಎಂದು ಜಗಳವಾಡುತ್ತಿದ್ದೆವು. ಕುಂಟಾಬಿಲ್ಲೆಯ ಮನೆಗಳನ್ನು ಗೀರುವಾಗ ಕಲೆ ಬಿದ್ದ ಜಾಗವನ್ನು ಸಮುದ್ರ ಎಂದು ಬಿಟ್ಟುಬಿಡುತ್ತಿದ್ದೆವು. ಆ ಬೇಸಿಗೆಯಲ್ಲಿ ಸಮುದ್ರ ದಿನೇ ದಿನೇ ದೊಡ್ಡದಾಗಿ, ಕೊನೆಗೆ ಆಟಕ್ಕೆ ಜಾಗವೇ ಉಳಿಯಲಿಲ್ಲ.

ನಾವಿದ್ದದ್ದು ತಳೇಗಾಂವ ದಾಭಾಡೆಯಲ್ಲಿ, ಸಾಲುಮನೆಗಳ ಒಂದು ಕಾಲನಿಯಲ್ಲಿ. ಅಪ್ಪ ಭೋಸರಿಯ ಕಾರ್ಖಾನೆಯೊಂದರಲ್ಲಿ ಲೇತ್ ಮಶೀನುಗಳ ವಿಭಾಗ ನೋಡಿಕೊಳ್ಳುತ್ತಿದ್ದ. ಮನೆಯೊಳಗೆ ಧಾರವಾಡದ ಮಾತು, ಹೊಸ್ತಿಲು ದಾಟಿದರೆ ಮರಾಠಿ. ದೊಡ್ಡತ್ತಿ ಅಂದರೆ ಅಪ್ಪನ ಅಕ್ಕ. ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಜೀವಮಾನವಿಡೀ ಶಾಲೆಯ ಅಕ್ಕೋರಾಗಿ ಪಾಠ ಹೇಳಿದವಳು. ಮದುವೆಯಾಗಿರಲಿಲ್ಲ. ತಾಯಿ ಇಲ್ಲದ ಅಪ್ಪನನ್ನು ಸಾಕಿ, ಓದಿಸಿ, ಮೂಗು ಒರೆಸಿ ದೊಡ್ಡವನನ್ನು ಮಾಡಿದವಳು ಅವಳೇ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅಪ್ಪ ಹೋಗಿ ಅವಳನ್ನು ಕರೆದುಕೊಂಡು ಬಂದಿದ್ದ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್‌ಗೆ ಪುಣೆಯ ಆಸ್ಪತ್ರೆಗೆ ಹೋಗಬೇಕಾಗಿತ್ತು.

ಹೋಗುವುದು ಸುಲಭವಾಗಿರಲಿಲ್ಲ. ಲೋಕಲ್ ರೈಲಿನ ಸ್ಟೇಷನ್ನಿನಲ್ಲಿ ಮೆಟ್ಟಿಲು ಹತ್ತಲು ಅವಳಿಗೆ ಆಗುತ್ತಿರಲಿಲ್ಲ. ರಿಕ್ಷಾದಲ್ಲಿ ಒಮ್ಮೆ ಕರೆದೊಯ್ದಾಗ ದಾರಿಯ ತಗ್ಗುಗಳಿಗೆ ಕುಲುಕಿ, ವಾಪಸು ಬರುವಾಗ ವಾಂತಿಯಾಗಿ, ಎಚ್ಚರ ತಪ್ಪುವುದೊಂದು ಬಾಕಿಯಿತ್ತು. ಬಾಡಿಗೆ ಕಾರು ಮಾತ್ರ ಬೇಡವೇ ಬೇಡ ಎಂದಳು. "ಮಂದಿ ಗಾಡ್ಯಾಗ ವಾಂತಿ ಮಾಡಿಕೊಂಡು ಆ ಡ್ರೈವರನ ಮಾರಿ ನೋಡೂದು ನನಗ ಆಗಂಗಿಲ್ಲ." ಅಕ್ಕೋರ ಸೊಕ್ಕು ಅದು, ಜಡ್ಡಿನಲ್ಲೂ ಇಳಿದಿರಲಿಲ್ಲ. ಉಳಿದದ್ದು ಅಪ್ಪನ ಬಿಳಿ ಕಾರು. ಅದೂ ಮುದಿಯೇ. ಗೇರು ಸ್ಟೇರಿಂಗಿನ ಪಕ್ಕದಲ್ಲಿ, ಸೀಟು ಉದ್ದನೆಯ ಮಂಚದ ಹಾಗೆ. ಹಿಂದಿನ ಸೀಟಿನ ಮೇಲೆ ಕೌದಿ ಹಾಸಿ ಕಾಲು ಮಡಚಿ ಮಲಗಿದರೆ ದೊಡ್ಡತ್ತಿಗೆ ಮನೆಯಲ್ಲಿ ಇದ್ದಂತೆಯೇ. ಅಲ್ಲಿ ಮಲಗಿಯೇ ಒಂದು ದಿನ ಅಪ್ಪನಿಗೆ ಹೇಳಿಬಿಟ್ಟಳು.

"ನೋಡು ಬಸು, ಈ ಗಾಡಿ ಇರೋತನಾ ನಾ ಬರ್ತೀನಿ. ಗಾಡಿ ನಿಂತ ದಿನ ನನ್ನೂ ಬಿಟ್ಟಬಿಡು. ಮತ್ತ ಎಳದಾಡಬ್ಯಾಡ."

ಅಪ್ಪ ಕನ್ನಡಿಯಲ್ಲಿ ಅವಳ ಮುಖ ನೋಡಿ, "ಗಾಡಿ ಎಲ್ಲಿ ನಿಂದರತದ? ಕಬ್ಬಿಣ ಅದು" ಎಂದ. ನಾನು ಮುಂದಿನ ಸೀಟಿನಲ್ಲಿ ಚುರಮರಿ ತಿನ್ನುತ್ತಿದ್ದೆ. ಶಾಲೆಗೆ ರಜೆ ಬಿದ್ದಿದ್ದರಿಂದ, ಅವ್ವನಿಗೆ ಹೊಲಿಗೆಯ ಕೆಲಸ ಇದ್ದದ್ದರಿಂದ, ದೊಡ್ಡತ್ತಿಯ ಜೊತೆಗೆ ಹೋಗುವ ಸರದಿ ನನ್ನದಾಗಿತ್ತು. ಹೆಚ್ಚು ನೀರು ಕುಡಿಯಬಾರದು ಎಂದು ಡಾಕ್ಟರು ಹೇಳಿದ್ದರಿಂದ, ಅವಳಿಗೆ ಒಂದು ಪುಟ್ಟ ಲೋಟದಲ್ಲಿ ಅಳೆದು ನೀರು ಕೊಡುವುದು ನನ್ನ ಕೆಲಸ. ಅವಳು ಅದನ್ನು ಕುಡಿಯುತ್ತಿರಲಿಲ್ಲ, ತುಟಿಗೆ ತಾಗಿಸಿ ತಾಗಿಸಿ ಇಟ್ಟುಕೊಳ್ಳುತ್ತಿದ್ದಳು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನನ್ನ ಪಾಲಿನ ನೀರನ್ನು ಅವಳ ಎದುರು ಕುಡಿಯಲು ನನಗೆ ಸಂಕಟವಾಗುತ್ತಿತ್ತು.

ರಜೆ ಸುರುವಾದ ವಾರವೇ ಜೇಜುರಿಗೆ ಹೋಗಿ ಬಂದಿದ್ದೆವು. ಮರಾಠಿ ಮಂದಿಗೆ ಖಂಡೋಬಾ, ನಮಗೆ ಮೈಲಾರಲಿಂಗ, ಮನೆಯವರ ಬಾಯಲ್ಲಿ ಮಲ್ಲಯ್ಯ, ನಮ್ಮ ಮನೆದೇವರು. ದೊಡ್ಡತ್ತಿಗೆ ಗುಡ್ಡ ಹತ್ತಲು ಆಗಲಿಲ್ಲ. ಕೆಳಗೇ ಕಾರಿನಲ್ಲಿ ಕೂತು, ಮೇಲಿಂದ ಕೇಳಿಬರುತ್ತಿದ್ದ "ಯಳಕೋಟ ಯಳಕೋಟ" ಕೂಗಿಗೆ ಕೈ ಮುಗಿದಳು. ನಾವು ತಲೆಯಿಂದ ಕಾಲಿನವರೆಗೆ ಅರಿಷಿಣವಾಗಿ ಇಳಿದು ಬಂದೆವು. ದೇವರ ಆ ಅರಿಷಿಣಕ್ಕೆ ಭಂಡಾರ ಎನ್ನುತ್ತಾರೆ. ನಮ್ಮ ಮನೆತನದಲ್ಲಿ ಎಲ್ಲಿ ಬ್ಯಾನಿಯೋ ಅಲ್ಲಿ ಭಂಡಾರ. ಹಲ್ಲು ನೋವಿಗೆ ಗಲ್ಲದ ಮೇಲೆ, ಮೊಣಕಾಲು ನೋವಿಗೆ ಚಿಪ್ಪಿನ ಮೇಲೆ, ಎಮ್ಮೆಯ ಕೆಚ್ಚಲು ಬಾತರೆ ಅದಕ್ಕೂ. ದೊಡ್ಡತ್ತಿ ತನ್ನ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಒಂದು ಚೂರು ಹರಿದು, ಭಂಡಾರ ಹಾಕಿ ಗಂಟು ಕಟ್ಟಿ, ಸೂಜಿ ಚುಚ್ಚುವ ತೋಳಿಗೆ ಬಿಗಿದುಕೊಂಡಳು.

ಮುಂದಿನ ಶುಕ್ರವಾರ ಆಸ್ಪತ್ರೆಯ ನರ್ಸು ಅದನ್ನು ನೋಡಿದವಳೇ, "ಮಾವಶಿ, ಹೇ ಇಥೆ ಚಾಲಣಾರ ನಾಹಿ" ಎಂದು ಬಿಚ್ಚಿಸಿದಳು. ಇಲ್ಲಿ ಇದು ನಡೆಯುವುದಿಲ್ಲ ಎಂದರೆ ದೊಡ್ಡತ್ತಿ ಜಗಳ ಮಾಡಬಹುದೆಂದು ನಾನು ಹೆದರಿದ್ದೆ. ಮಾಡಲಿಲ್ಲ. ಗಂಟನ್ನು ಸುಮ್ಮನೆ ಪರ್ಸಿನೊಳಗೆ ಹಾಕಿಕೊಂಡಳು.

ಅವತ್ತು ವಾಪಸು ಬರುವಾಗ ದೇಹೂ ರೋಡ್ ದಾಟಿದ ಮೇಲೆ ಕಾರಿನ ನೀರು ಕುದಿಯಿತು. ಅಪ್ಪ ಬಾನೆಟ್ ಎತ್ತಿ, ನನ್ನನ್ನೂ ಕರೆದುಕೊಂಡು, ಚಹಾದ ಅಂಗಡಿಯಿಂದ ನೀರು ತರಲು ಹೋದ. ಕೊಡಪಾನ ಹೊತ್ತು ಬಂದಾಗ ದೊಡ್ಡತ್ತಿ ಕೆಳಗಿಳಿದು ಕಾರಿನ ಮುಂದೆ ನಿಂತಿದ್ದಳು. ಅಪ್ಪ ಬೈದ.

"ಗಾಳಿಗೆ ಇಳದೀನಿ" ಎಂದಳು. "ಈ ನಳಗ್ಯಾಗಿಂದ ಹೊಗಿ ಬರ್ತದಲ್ಲೋ. ಇದಕ್ಕೂ ನನ್ನಂಗ ಬ್ಯಾನಿ ಅದ."

ಅದು ಬೇನೆಯಲ್ಲ. ಇಂಜಿನ್ನಿನ ಹೊಟ್ಟೆಯೊಳಗಿನ ಬಿಸಿ ಗಾಳಿ ಹೊರಗೆ ಹೋಗಲೆಂದೇ ಅಲ್ಲೊಂದು ಕಬ್ಬಿಣದ ನಳಿಗೆ ಇರುತ್ತದೆ. ಅದರ ಮೇಲೆ ಸಿಕ್ಕಿಸಿದ ರಬ್ಬರ್ ಪೈಪು ಕೊಳೆತು ಬಿದ್ದುಹೋಗಿತ್ತು, ಅಷ್ಟೇ. ಭಾನುವಾರ ಅಪ್ಪ ಹೊಸ ಪೈಪು ತಂದು, ನಳಿಗೆಯ ಬಾಯಿಯ ಮೇಲೆ ಒತ್ತಿ, ಕ್ಲಿಪ್ಪು ಬಿಗಿದು, "ಆತಕ್ಕಾ, ನಿನ್ನ ಗಾಡಿ ಬ್ಯಾನಿ ಹೋತು" ಎಂದು ಕೈ ಝಾಡಿಸಿದ. ಸೋರಲು ಹತ್ತಿದ್ದು ಆಮೇಲೆ.

ಮೊದಮೊದಲು ಹನಿ. ಅಪ್ಪ ಗ್ಯಾರೇಜಿನ ಬಾಬುಮಾಮಾನನ್ನು ಕರೆದ. ಬಾಬುಮಾಮಾ ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಕಾರಿನ ಕೆಳಗೆ ನುಸುಳಿ, ಆಯಿಲ್ ನಿಲ್ಲುವ ತಳದ ತೊಟ್ಟಿಯ ಪ್ಯಾಕಿಂಗ್ ಹೋಗಿದೆ ಎಂದ. ಪ್ಯಾಕಿಂಗ್ ಎಂದರೆ ಎರಡು ಕಬ್ಬಿಣಗಳ ನಡುವೆ ಇಡುವ ಕಾರ್ಕಿನ ಹಾಳೆ. ಬದಲಿಸಿದ. ಮಂಗಳವಾರ ರಟ್ಟು ಒಣಗಿತ್ತು. ಮನೆಯಲ್ಲಿ ಅವ್ವ ಶಿರಾ ಮಾಡಿದಳು. ಶುಕ್ರವಾರ ಮತ್ತೆ ಕಲೆ. ಈ ಸಲ ಮೇಲಿನ ಮುಚ್ಚಳದ ಪ್ಯಾಕಿಂಗ್ ಎಂದ. ಅದನ್ನೂ ಬದಲಿಸಿದ. ಆಮೇಲೆ ಮುಂದಿನ ಸೀಲು. ಮುಂದಿನದನ್ನು ಮುಚ್ಚಿದರೆ ಹಿಂದಿನಿಂದ, ಹಿಂದಿನದನ್ನು ಬಿಗಿದರೆ ಪಕ್ಕದಿಂದ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಾವು ಆ ಬೇಸಿಗೆಯಲ್ಲಿ ಅಲೆದದ್ದು ಹಾಗೆಯೇ, ಆದರೆ ಅದು ಗೊತ್ತಾಗಲು ಇನ್ನೂ ಸಮಯವಿತ್ತು.

ಅಪ್ಪ ಆ ದಿನಗಳಲ್ಲಿ ದಣಿದದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಸೊಂಟ ನೋಯುತ್ತದೆ. ನಸುಕಿನಲ್ಲೆದ್ದು ಮೊದಲ ಪಾಳಿಗೆ ಹೋಗುತ್ತಿದ್ದ. ಮಧ್ಯಾಹ್ನ ಬಂದು ತಣ್ಣಗಾದ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ನಿಂತೇ ತಿಂದು, ಆಸ್ಪತ್ರೆಯ ದಿನವಾದರೆ ದೊಡ್ಡತ್ತಿಯನ್ನು ಎತ್ತಿ ಕೂರಿಸಿಕೊಂಡು ಹೊರಡುತ್ತಿದ್ದ. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಆಯಿಲ್ ನೋಡಿ ಸುರಿಯಬೇಕು. ಆಸ್ಪತ್ರೆ ಇಲ್ಲದ ದಿನ ಕಾರಿನ ಕೆಳಗೆ. ಅವನ ಮೈಯಿಂದ ಸುಟ್ಟ ಆಯಿಲ್, ರಾಕೆಲ್ ಎಂಬ ಸೀಮೆಎಣ್ಣೆ, ಬೆವರು ಮೂರೂ ಕೂಡಿ ಒಂದು ವಾಸನೆ ಬರುತ್ತಿತ್ತು. ಅವ್ವ ಅವನ ಅಂಗಿಗಳನ್ನು ಬೇರೆಯೇ ಬಕೀಟಿನಲ್ಲಿ ನೆನೆಹಾಕುತ್ತಿದ್ದಳು. ಒಮ್ಮೆ ತಟ್ಟೆಯ ಮುಂದೆ ಕೂತವನು ತುತ್ತು ಕೈಯಲ್ಲಿ ಹಿಡಿದೇ ನಿದ್ದೆ ಹೋದ. ನಾನು ನಗಲು ಹೋದೆ. ಅವ್ವ ನನ್ನ ತೊಡೆ ಚಿವುಟಿದಳು.

ದೊಡ್ಡತ್ತಿಯ ನಾಲಿಗೆ ಮಾತ್ರ ಸುಮ್ಮನಿರುತ್ತಿರಲಿಲ್ಲ. "ಭೋಸರಿ ಫ್ಯಾಕ್ಟರಿ ನಡಸ್ತಾನಂತ ಇಂವಾ. ಮನ್ಯಾಗಿನ ಗಾಡಿ ಸೋರೂದು ನಿಂದರಸಲಿಕ್ಕೆ ಆಗವಲ್ದು" ಎನ್ನುತ್ತಿದ್ದಳು. ಹಾಗೆ ಅನ್ನುವಾಗ ಅವಳ ಕಣ್ಣು ಕಿಟಕಿಯಾಚೆ ಕಾರಿನ ಕೆಳಗಿಂದ ಹೊರಗೆ ಚಾಚಿದ ಅಪ್ಪನ ಕಾಲುಗಳ ಮೇಲೆ ಇರುತ್ತಿತ್ತು.

ಕೊನೆಗೆ ಬಾಬುಮಾಮಾ ಕೈ ಎತ್ತಿದ. ಒಂದು ಶನಿವಾರ ಸಂಜೆ ಬಾಗಿಲಲ್ಲೇ ನಿಂತು, "ಸಾಹೇಬ, ಇಂಜಿನ್ ದಮಲಂಯ್" ಎಂದ. ಇಂಜಿನ್ ದಣಿದಿದೆ. ಪೂರ್ತಿ ಇಳಿಸಿ ಬಿಚ್ಚಬೇಕು, ಸಾಮಾನು ಸಿಗುವುದೇ ಕಷ್ಟ, ಒಂದು ತಿಂಗಳಾದರೂ ಬೇಕು, ಬಿಚ್ಚಿದ ಮೇಲೆ ಮತ್ತೆ ಕೂಡುತ್ತದೆ ಎಂಬ ಭರವಸೆ ತಾನು ಕೊಡಲಾರೆ. ಸೋಮವಾರ ಬಂದು ಎಳೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದ.

ಒಳಗೆ ಮಂಚದ ಮೇಲಿದ್ದ ದೊಡ್ಡತ್ತಿಗೆ ಎಲ್ಲ ಕೇಳಿಸಿತ್ತು. ಅಪ್ಪ ಒಳಗೆ ಬಂದಾಗ ಬಹಳ ಮೆತ್ತಗೆ ಮಾತಾಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಒಯ್ಯಲಿ ಬಿಡು ಬಸು. ಮಾತ ಆಗೇದಲ್ಲ ನಮ್ಮದು. ಗಾಡೀಗೂ ಸಾಕಾಗೇದ, ನನಗೂ ಸಾಕಾಗೇದ. ಮಂಗಳವಾರ ನಾ ಬರಂಗಿಲ್ಲ."

"ಅಕ್ಕಾ, ಹಂಗ ಮಾತಾಡಬ್ಯಾಡ. ಬ್ಯಾರೆ ಗಾಡಿ ತರ್ತೀನಿ."

"ತಂದ್ರೂ ಹತ್ತಂಗಿಲ್ಲ. ನಿನ್ನ ಮಾರಿ ನೋಡೀಯೇನು ಕನ್ನಡ್ಯಾಗ? ನನಕಿಂತ ನೀನ ಮುದುಕ ಆಗೀದಿ. ಸಾಕು."

ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆದರೆ ಅವ್ವ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಅದರ ಸದ್ದಿನಲ್ಲಿ ಅತ್ತಳು, ಅಷ್ಟರಿಂದ ತಿಳಿಯಿತು.

ಭಾನುವಾರ ಅಪ್ಪ ಎದ್ದವನು ಚಹಾ ಕುಡಿಯಲಿಲ್ಲ. ರಾಕೆಲ್ ಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಇಂಜಿನ್ನಿನ ಮೂಲೆ ಮೂಲೆ ತಿಕ್ಕಿ ತೊಳೆದ. ಬಿಸಿಲು ಏರುವ ಹೊತ್ತಿಗೆ ಅದು ಬೆಳಗಿದ ಹಂಡೆಯ ಹಾಗೆ ಬೆಳ್ಳಗಾಯಿತು. ಆಮೇಲೆ ನನ್ನನ್ನು ಕರೆದು, "ಅವ್ವನ ಪೌಡರ್ ಡಬ್ಬಿ ತಗೊಂಬಾ" ಎಂದ. ಕಾರ್ಖಾನೆಯಲ್ಲಿ ಮಶೀನು ಸೋರಿದರೆ ಹೀಗೆ ಮಾಡುತ್ತಾರಂತೆ. ಇಂಜಿನ್ನಿಗೆಲ್ಲ ಮುಖದ ಪೌಡರ್ ಉದುರಿಸಿ ಚಾಲೂ ಮಾಡಿದರೆ, ಆಯಿಲ್ ಎಲ್ಲಿಂದ ಹೊರಡುತ್ತದೋ ಅಲ್ಲಿ ಬಿಳಿಯ ಮೇಲೆ ಕರಿ ಗೆರೆ ಮೂಡುತ್ತದೆ. ನಾನು ಸ್ಟೇರಿಂಗ್ ಮುಂದೆ ಕೂತು, ಕಾಲು ಎಟುಕದೆ ಸೀಟಿನ ತುದಿಗೆ ಜಾರಿ, ಎಕ್ಸಲೇಟರ್ ಒತ್ತಿದೆ. ಗುಲಾಬಿಯ ವಾಸನೆಯೂ ಬಿಸಿ ಕಬ್ಬಿಣದ ವಾಸನೆಯೂ ಕೂಡಿ ಓಣಿಯೆಲ್ಲ ಹರಡಿತು. ಹುಡುಗಿಯರು ಗಾಡಿಗೆ ಮದುವೆ ಎಂದು ಕೂಗಿದರು.

ಅಪ್ಪ ಬಗ್ಗಿ ನೋಡಿದ. ನೋಡುತ್ತಲೇ ನಿಂತ. ಗೆರೆ ಒಂದು ಕಡೆ ಮೂಡಲಿಲ್ಲ. ಮುಚ್ಚಳದ ಸುತ್ತ, ಮುಂದಿನ ಸೀಲಿನಲ್ಲಿ, ಪಕ್ಕದ ಬೋಲ್ಟುಗಳಲ್ಲಿ, ಎಲ್ಲ ಕಡೆಯೂ ಒಟ್ಟಿಗೇ ಒದ್ದೆಯಾಯಿತು. ಅಷ್ಟರಲ್ಲಿ ಆಯಿಲ್ ಅಳೆಯುವ ಕಡ್ಡಿ ತನ್ನ ತೂತಿನಿಂದ ಟಪ್ ಎಂದು ಮೇಲಕ್ಕೆ ಹಾರಿತು.

"ಬಂದ್ ಮಾಡು!" ಎಂದ ಅಪ್ಪ. ಆಮೇಲೆ ತನ್ನಷ್ಟಕ್ಕೆ ತಾನೇ ಮಾತಾಡಿದ. "ಒಂದ ಕಡೆ ಸೋರಿದ್ರ ಪ್ಯಾಕಿಂಗ್ ಅನಬಹುದು. ಎಲ್ಲಾ ಕಡೆ ಸೋರಿದ್ರ ಒಳಗ ಉಸರ ಕಟ್ಟೇದ."

ಉಸಿರು ಹೋಗುವ ದಾರಿ ಒಂದೇ. ತಾನೇ ಬಿಗಿದ ಕ್ಲಿಪ್ಪನ್ನು ಬಿಚ್ಚಿ, ತಾನೇ ತಂದ ಪೈಪನ್ನು ಕಿತ್ತ. ನಳಿಗೆಯ ಬಾಯೊಳಗೆ ಏನೋ ಬಟ್ಟೆ ತುರುಕಿತ್ತು. ಇಕ್ಕಳದಿಂದ ಹಿಡಿದು ಎಳೆದ. ಆಯಿಲ್ ಕುಡಿದು ಉಬ್ಬಿ, ಕರ್ರಗೆ ಬಿಗಿದುಕೊಂಡಿದ್ದ ಒಂದು ಗಂಟು ಹೊರಗೆ ಬಂತು. ಹಿಂದೆಯೇ ಒಳಗೆ ಉಳಿದಿದ್ದ ಗಾಳಿ ಉಸ್ಸೆಂದು ಹೊರಬಿತ್ತು. ಅಪ್ಪ ಗಂಟನ್ನು ಬಿಡಿಸಿದ. ಒಳಗೆ ಅರಿಷಿಣ. ಹೊರಗಿನ ಬಟ್ಟೆಯ ಒಂದು ತುದಿಯಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು.

ನನಗೆ ತಕ್ಷಣ ದೇಹೂ ರೋಡಿನ ಆ ಹೊತ್ತು ನೆನಪಾಯಿತು. ನಾವು ನೀರು ತರಲು ಹೋದಾಗ, ಹೊಗೆಯಾಡುವ ಆ ನಳಿಗೆಯನ್ನು ಗಾಡಿಯ ಬೇನೆಯೆಂದು ತಿಳಿದು, ತನ್ನ ತೋಳಿನಿಂದ ಬಿಚ್ಚಿಸಿದ ಭಂಡಾರವನ್ನು ಅವಳು ಅದಕ್ಕೆ ಕೊಟ್ಟಿದ್ದಳು. ಬೆರಳಿನಿಂದ ಒತ್ತಿ ಒತ್ತಿ, ಬೀಳದ ಹಾಗೆ ಆಳಕ್ಕೆ ತುರುಕಿದ್ದಳು. ಅದರ ಮೇಲೆ ಅಪ್ಪ ನೋಡದೆ ಪೈಪು ಜಡಿದಿದ್ದ. ಅಕ್ಕ ತಮ್ಮ ಇಬ್ಬರೂ ಕೂಡಿ ಗಾಡಿಯ ಉಸಿರು ಕಟ್ಟಿಸಿದ್ದರು.

ಅಪ್ಪ ನಗುತ್ತಾನೆ ಅಂದುಕೊಂಡೆ. ಅವನು ಕಾರಿನ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ, ಆಯಿಲಿನ ಕಲೆಯ ಮೇಲೆಯೇ ಕುಸಿದು ಕೂತ. ಅವ್ವ ಓಡಿ ಬಂದಳು.

"ಏನಾತ್ರಿ? ಗಾಡಿ ಹೋತೇನು?"

ಅಪ್ಪ ಅಂಗೈಯಲ್ಲಿದ್ದ ಗಂಟು ತೋರಿಸಿದ. "ಸಾಕು ಸಾಕು ಅಂತಾಳಲ್ಲ ಇಕಿ. ಗಾಡಿ ಇರೋತನಾ ಬರ್ತೀನಿ ಅಂದಾಕಿ, ಗಾಡಿ ಬಾಳಿಕಿ ಬರಲಿ ಅಂತ ಮಲ್ಲಯ್ಯನ್ನ ತಂದು ಕಟ್ಯಾಳ. ತನಗ ಕಟ್ಟಿಕೊಂಡಿದ್ದು ತಗದು ಇದಕ್ಕ ಕಟ್ಯಾಳ." ಗಂಟನ್ನು ಮುಷ್ಟಿಯೊಳಗೆ ಹಿಡಿದುಕೊಂಡ. "ಅಕ್ಕಗ ಇನ್ನೂ ಇರಬೇಕಾಗೇದ ನೋಡ. ಬಾಯಿಲೆ ಹೇಳವಲ್ಲಳು, ಅಷ್ಟ."

ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಕರಿ ಕೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿಯಾಯಿತು. ಅವ್ವ ಪಕ್ಕದಲ್ಲೇ ಕೂತು ತನ್ನ ಸೆರಗಿನಿಂದ ಒರೆಸಿದಳು, ಸೆರಗಿಗೆ ಹತ್ತಿದ ಆ ಮಸಿ ಎಂದೂ ಹೋಗಲಿಲ್ಲ. ನಾನು ಡ್ರೈವರ್ ಸೀಟಿನಲ್ಲಿ ಕೂತು, ಇವರು ಯಾಕೆ ಅಳುತ್ತಾರೆ, ಗಾಡಿ ರಿಪೇರಿಯಾಯಿತಲ್ಲ ಎಂದು ಗೊಂದಲಪಟ್ಟೆ.

ಸೋಮವಾರ ಬಾಬುಮಾಮಾ ಎಳೆಯುವ ಹಗ್ಗ ತಂದವನು ಚಹಾ ಕುಡಿದು ಹಗ್ಗ ಸುತ್ತಿಕೊಂಡು ಹೋದ. ರಟ್ಟಿನ ಮೇಲೆ ಹಳೆಯ ಕಲೆ ಬಿಟ್ಟು ಹೊಸದು ಇರಲಿಲ್ಲ. ಅಪ್ಪ ಯಾರಿಗೂ ಏನೂ ಹೇಳಲಿಲ್ಲ. ದೊಡ್ಡತ್ತಿಗೂ ಹೇಳಬಾರದೆಂದು ನನ್ನ ಬಾಯಿಗೆ ಬೆರಳಿಟ್ಟ. ಭಂಡಾರವನ್ನು ಹೊಸ ಬಟ್ಟೆಯಲ್ಲಿ ಕಟ್ಟಿ, ಹಳೆಯ ಸೆರಗಿನ ಚೂರನ್ನು ಅದರ ಸುತ್ತ ಸುತ್ತಿ, ಬ್ಯಾಟರಿಯ ಪಕ್ಕದ ಕಬ್ಬಿಣದ ಪಟ್ಟಿಗೆ ತಂತಿಯಿಂದ ಬಿಗಿದ. ಅಲ್ಲಿ ಅದು ಯಾರ ಉಸಿರನ್ನೂ ಕಟ್ಟುತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಅಪ್ಪ ಬಾನೆಟ್ ಎತ್ತಿಟ್ಟು ನೀರು ಹಾಕುತ್ತಿದ್ದ. ಬರುವುದಿಲ್ಲ ಎಂದಿದ್ದ ದೊಡ್ಡತ್ತಿ ಸೀರೆ ಬದಲಿಸಿಯೂ ಇರಲಿಲ್ಲ. ಬಾಗಿಲಿಗೆ ಬಂದಳು. ಗೋಡೆ ಹಿಡಿದು ಮೆಟ್ಟಿಲಿಳಿದಳು. ಕಾರಿನ ಹತ್ತಿರ ಬಂದು ಇಣುಕಿದಳು. ಮೊದಲು ಅವಳ ಕಣ್ಣು ನಳಿಗೆಯ ಕಡೆ ಹೋಯಿತು, ಆಮೇಲೆ ತಂತಿಯಿಂದ ಕಟ್ಟಿದ ಗಂಟಿನ ಕಡೆ. ತಮ್ಮನ ಮುಖ ನೋಡಿದಳು. ಅಪ್ಪ ನೀರು ಹಾಕುವುದರಲ್ಲೇ ಮಗ್ನನಾಗಿದ್ದ. ನೀರು ತುಂಬಿ ಹೊರಗೆ ಚೆಲ್ಲುತ್ತಿತ್ತು.

"ಸಾಕೋ, ಚೆಲ್ಲಾಕಹತ್ತೇದ" ಎಂದಳು ದೊಡ್ಡತ್ತಿ. ಹಿಂದಿನ ಬಾಗಿಲಿನ ಹಿಡಿಕೆ ಹಿಡಿದು, "ಕೌದಿ ಹಾಸಲಿಕ್ಕೆ ಹೇಳು. ಹೊತ್ತಾತು, ನಡಿ."

ಅಷ್ಟೇ. ಇಬ್ಬರೂ ಮುಂದೆಂದೂ ಆ ಮಾತು ಎತ್ತಲಿಲ್ಲ. ದೊಡ್ಡತ್ತಿ ಇನ್ನೂ ಎರಡು ಮಳೆಗಾಲ ಕಂಡಳು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ನನಗೆ ಮಗ್ಗಿ ಕೇಳಿದಳು, ತಪ್ಪಿದರೆ ಬೈದಳು. ಅವಳು ಹೋದ ಮೇಲೆ ಅಪ್ಪ ಕಾರನ್ನು ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ.

ಈಗ ನಾನು ಪುಣೆಯಲ್ಲೇ ಇದ್ದೇನೆ. ನನ್ನ ಕಾರಿನ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ಕಿನ ಮುಚ್ಚಳ ಬಿಟ್ಟು ಬೇರೇನೂ ಕಾಣುವುದಿಲ್ಲ, ಎತ್ತುವ ಪ್ರಸಂಗವೂ ಬಂದಿಲ್ಲ. ಸರ್ವಿಸಿನವರು ಬಂದು ಒಯ್ಯುತ್ತಾರೆ, ತಂದು ಬಿಡುತ್ತಾರೆ. ಒಂದು ಹನಿಯೂ ಸೋರುವುದಿಲ್ಲ. ಅಪ್ಪ ನಮ್ಮ ಜೊತೆಗೇ ಇದ್ದಾನೆ, ಕಣ್ಣಿಗೆ ಪೊರೆ ಬಂದಿದೆ. ಮೊನ್ನೆ ನಾನು ಆಫೀಸಿನಿಂದ ಟ್ರಾಫಿಕ್ಕಿನಲ್ಲಿ ಜಜ್ಜಿ ಹೋಗಿ ಬಂದು ಚಪ್ಪಲಿ ಬಿಡುತ್ತಿದ್ದಾಗ, "ಆ ಕಣ್ಣಿನ ಆಪರೇಶನ್ ಬ್ಯಾಡ ಬಿಡವಾ. ಈ ವಯಸ್ಸಿಗೆ ಇನ್ನೇನ ನೋಡೂದದ. ಸಾಕು" ಎಂದ. ನನಗೆ ಭಾಳ ದಣಿವಾಗಿತ್ತು. "ಆತಪ್ಪಾ, ನಿನ್ನಿಷ್ಟ" ಎಂದು ಒಳಗೆ ಹೋದೆ. ಮುಖ ತೊಳೆಯುವಾಗ ಹೊಳೆಯಿತು: ಯಾರಾದರೂ ಸಾಕು ಎಂದರೆ ನಂಬದೆ, ಇಡೀ ಒಂದು ಭಾನುವಾರ ಬಿಸಿಲಲ್ಲಿ ಬಗ್ಗಿ ಹುಡುಕುವವನು ನಮ್ಮ ಮನೆಯಲ್ಲಿ ಒಬ್ಬನಿದ್ದ. ಈಗ ಸಾಕು ಎನ್ನುತ್ತಿರುವವನು ಅವನೇ, ಮತ್ತು ನಾನು ಅದನ್ನು ನಂಬಿಬಿಟ್ಟೆ.